ಮನೆಯ ಗಾಳಿ, ಮಗುವಿನ ಉಸಿರು

ಬೀದರಿನ ಹವೆಗೆ ಹಿಂದಿನಿಂದಲೂ ಒಳ್ಳೆಯ ಹೆಸರುಂಟು. ಬಹಮನಿ ಸುಲ್ತಾನ ಅಹಮದ್ ಷಾ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ತನ್ನ ರಾಜಧಾನಿಯನ್ನು ಗುಲಬರ್ಗೆಯಿಂದ ಇಲ್ಲಿಗೆ ತಂದುದಕ್ಕೆ ಚರಿತ್ರಕಾರರು ಕೊಡುವ ಕಾರಣಗಳಲ್ಲಿ ಇಲ್ಲಿಯ ಹಿತವಾದ ಗಾಳಿಯೂ ಒಂದು. ಸಮುದ್ರಮಟ್ಟಕ್ಕಿಂತ 2,000 ಅಡಿಗೂ ಮಿಕ್ಕ ಎತ್ತರದಲ್ಲಿ, ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿಗೆ ಕುಳಿತಿರುವ ಈ ಊರಿನ ಕೋಟೆಯ ಬುರುಜನ್ನೇರಿ ನಿಂತವನಿಗೆ ಕಡುಬೇಸಗೆಯ ಸಂಜೆಯೂ ಸಹ್ಯವೆನಿಸುತ್ತದೆ. ಆದರೆ ಉಬ್ಬಸದ ರೋಗಿಗೆ ಚರಿತ್ರಕಾರರ ಪ್ರಮಾಣಪತ್ರದಿಂದ ಆಗಬೇಕಾದುದೇನು? ಆತನ ಪಾಲಿಗೆ ಊರೆಂದರೆ ತನ್ನ ಕೋಣೆ. ಒಮ್ಮೊಮ್ಮೆ ತಲೆದಿಂಬಿನ ಮೇಲಣ ಗೇಣುದ್ದ ಗಾಳಿ, ಅಷ್ಟೆ.

ಬೀದರಿನಲ್ಲಿ ಒಬ್ಬ ಗುಮಾಸ್ತರಿದ್ದಾರೆ. ಹುಟ್ಟೂರು ಔರಾದ, ನೌಕರಿಯ ಮೊದಲ ಕೆಲವು ವರ್ಷಗಳು ಭಾಲ್ಕಿಯಲ್ಲಿ ಕಳೆದು, ತರುವಾಯ ಬೀದರಿಗೆ ವರ್ಗವಾಯಿತು. ಒಬ್ಬಳೇ ಮಗಳು, ಈಗ ಒಂಬತ್ತು ವರ್ಷ. ಐದನೆಯ ವಯಸ್ಸಿನಿಂದ ಆಕೆಗೆ ದಮ್ಮಿನ ಬ್ಯಾನಿ. ಮಗುವಿಗೆ ಉಸಿರು ಕಟ್ಟಿದಾಗಲೆಲ್ಲ ಊರು, ತಾರೀಖು, ಮೋಡವೋ ಬಿಸಿಲೋ, ಮನೆಯಲ್ಲಿ ಅಂದು ಏನು ನಡೆದಿತ್ತು—ಎಲ್ಲವನ್ನೂ ಬರೆದಿಡಿರೆಂದು ಬೀದರಿನ ಡಾಕ್ಟರಮ್ಮ ಹೇಳಿದರು. ಗುಮಾಸ್ತರಿಗೆ ಹೇಳಬೇಕೆ! ಒಂದು ಉದ್ದನೆಯ ಜಮಾಖರ್ಚಿನ ಪುಸ್ತಕವನ್ನೇ ತಂದರು. ಭಾಲ್ಕಿಯ ದಿನಗಳನ್ನು ಹೆಂಡತಿಯ ನೆನಪಿನಿಂದ ತುಂಬಿಸಿದರು.

ಆ ಪುಸ್ತಕವೇ ಮಾತನಾಡತೊಡಗಿತು. ಭಾಲ್ಕಿಯ ಪುಟಗಳಲ್ಲಿ ಕಾಯಿಲೆಯೆಲ್ಲ ಶ್ರಾವಣ, ಭಾದ್ರಪದಗಳದ್ದು. ಬಾಡಿಗೆ ಮನೆಯ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಮಳೆಗಾಲದಲ್ಲಿ ಗೋಡೆ ನೀರುಂಡು ಉಬ್ಬುತ್ತಿತ್ತು; ಅಲ್ಮೇರ ಸರಿಸಿದರೆ ಹಿಂದೆ ಹಸಿರು ಕಪ್ಪಿನ ಬೂಷ್ಟು. ಅದರ ಬೀಜಕಣಗಳು ಕಣ್ಣಿಗೆ ಬೀಳದಷ್ಟು ಸಣ್ಣವು. ಉಸಿರಿನೊಡನೆ ಶ್ವಾಸನಾಳಕ್ಕಿಳಿದರೆ, ಒಗ್ಗದವರ ದೇಹ ಅವನ್ನು ಶತ್ರುಸೈನ್ಯವೆಂದೇ ಬಗೆದು ಬಾಗಿಲು ಮುಚ್ಚಿಕೊಳ್ಳುತ್ತದೆ. ನಾಳದ ಒಳಪದರ ಊದಿ, ಸುತ್ತಲಿನ ಸ್ನಾಯು ಬಿಗಿದು, ಕಫ ಕಟ್ಟಿ, ಒಳಗೆ ಹೋದ ಗಾಳಿ ಹೊರಬರಲು ಸಿಳ್ಳೆ ಹಾಕಬೇಕಾಗುತ್ತದೆ. ಜಪಾನಿನಲ್ಲಿ ಬೇಸಗೆಯ ಸೆಕೆ ತೇವಗಳ ಕಾಲದಲ್ಲಿ ಮಾತ್ರ ಬರುವ ಇನ್ನೊಂದು ಪುಪ್ಪುಸದ ರೋಗವುಂಟು. ಹಳೆಯ ಮನೆಗಳ ಕೊಳೆತ ಮರದಲ್ಲಿ ಬೆಳೆಯುವ ಬೂಷ್ಟೇ ಅದರ ಮೂಲ. ಆಸ್ಪತ್ರೆಯಲ್ಲಿ ಗುಣವಾದ ರೋಗಿ ಮನೆಗೆ ಹಿಂದಿರುಗಿದೊಡನೆ ಮತ್ತೆ ಮಲಗುತ್ತಾನೆ! ಭಾಲ್ಕಿಯ ಮಗುವಿನದು ಆ ರೋಗವಲ್ಲ. ಆದರೆ ಗೋಡೆಯ ತಪ್ಪು ಎರಡೂ ಕಡೆ ಒಂದೇ.

ಬೀದರಿನ ಮನೆ ಒಣಗಿತ್ತು, ಹೊಸದಾಗಿತ್ತು. ಇನ್ನು ಪೀಡೆ ಕಳೆಯಿತೆಂದುಕೊಂಡರು. ಆದರೆ ಪಕ್ಕದ ಖಾಲಿ ನಿವೇಶನದ ತುಂಬ ಕಾಂಗ್ರೆಸ್ ಗಿಡ. ವಾಚಕರಿಗೆ ಆ ಬಿಳಿಹೂವಿನ ಪಾರ್ಥೇನಿಯಮ್ಮಿನ ಪರಿಚಯ ಮಾಡಿಕೊಡಬೇಕಾಗಿಲ್ಲ. 1955-56ರ ಸುಮಾರಿಗೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಅಮೆರಿಕದ ಅತಿಥಿ, ಆಮದಾದ ಗೋಧಿಯೊಡನೆ ಬಂದಿತೆಂದು ಹೇಳುತ್ತಾರೆ. ಇಂದು ದಖ್ಖನಿನಲ್ಲಿ ಅದಿಲ್ಲದ ರಸ್ತೆಯಂಚಿಲ್ಲ. ಅದರ ಪರಾಗ ಕೆಲವರಿಗೆ ಮೂಗಿನಲ್ಲಿ ಸೀನಾಗಿ, ಕೆಲವರಿಗೆ ಎದೆಯಲ್ಲಿ ಉಬ್ಬಸವಾಗಿ, ಇನ್ನು ಕೆಲವರಿಗೆ ಚರ್ಮದ ಮೇಲೆ ತುರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಇದು ಸಾಲದೆಂಬಂತೆ ಪುಷ್ಯಮಾಸದ ಚಳಿ. ಆ ಬೆಳಗಿನ ಜಾವಗಳಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದು. ಸುಟ್ಟ ಕಸದ ಹೊಗೆ, ನೀರೊಲೆಯ ಹೊಗೆ ಎಲ್ಲವೂ ಅಲ್ಲಿಯೇ ಹಾಸಿಕೊಂಡಿರುತ್ತದೆ. ಶಾಲೆಗೆ ಓಡುವ ಮಗು ಅದನ್ನೇ ಎಳೆದುಕೊಳ್ಳಬೇಕು.

ಔರಾದದ ಪುಟಗಳು ಎಲ್ಲಕ್ಕಿಂತ ವಿಚಿತ್ರವಾಗಿದ್ದವು. ಅಲ್ಲಿ ಅಜ್ಜಿಯ ಮನೆ—ಮಗು ಕರೆಯುವಂತೆ ಆಯಿಯ ಮನೆ. ಹೋದದ್ದು ವರ್ಷಕ್ಕೊಂದೆರಡು ಸಲ, ದೀಪಾವಳಿಗೆ. ಮಲಗಿದ ಮೊದಲ ರಾತ್ರಿಯೇ ಉಬ್ಬಸ, ಪ್ರತಿ ವರ್ಷವೂ. ಗುಮಾಸ್ತರಿಗೆ ಇದನ್ನು ತಾಯಿಗೆ ಹೇಗೆ ಹೇಳಬೇಕೆಂದು ತಿಳಿಯದೆ, ರಜೆಯಿಲ್ಲವೆಂದು ಒಂದು ದೀಪಾವಳಿ ತಪ್ಪಿಸಿದರು. ಸುಳ್ಳು ತಾಯಿಗೆ ಗೊತ್ತಾಗದಿರುತ್ತದೆಯೆ?

ಆ ತಾಯಿಯ ನಂಬಿಕೆಯೆಲ್ಲ ಹೈದರಾಬಾದಿನ ಮೇಲೆ. ಮೃಗಶಿರ ಕಾರ್ತಿಕ ಹುಟ್ಟುವ ದಿನ ಅಲ್ಲಿಯ ಒಂದು ಮನೆತನದವರು ದಮ್ಮಿನ ರೋಗಿಗಳಿಗೆ ಹಳದಿಯ ಮದ್ದನ್ನು ಜೀವಂತ ಕೊರವ ಮೀನಿನ ಮರಿಯ ಬಾಯಲ್ಲಿಟ್ಟು ನುಂಗಿಸುತ್ತಾರೆ. 1845ರಲ್ಲಿ ಸಾಧುವೊಬ್ಬ ಕೊಟ್ಟ ಮದ್ದೆಂದು ಅವರ ಹೇಳಿಕೆ. ಮೀನು ಮುಟ್ಟದವರಿಗೆ ಬೆಲ್ಲದಲ್ಲಿ ಕೊಡುವುದೂ ಉಂಟು. ಬೀದರ ಜಿಲ್ಲೆಯಿಂದ ರೈಲು ಹತ್ತಿ ಹೋಗುವವರಿಗೆ ಲೆಕ್ಕವಿಲ್ಲ. ಒಂದು ಜೂನಿನಲ್ಲಿ ಈ ಮಗುವೂ ಬೆಲ್ಲದ ಉಂಡೆ ನುಂಗಿ ಬಂದಿತು. ಆ ಮದ್ದಿನಿಂದ ರೋಗ ವಾಸಿಯಾಗುವುದೆಂಬುದಕ್ಕೆ ವಿಜ್ಞಾನದ ಆಧಾರವಿಲ್ಲ. ನಂಬಿ ಹೋದವರನ್ನು ನಗುವುದು ಸುಲಭ. ಉಸಿರಿಗಾಗಿ ಒದ್ದಾಡುವ ಮಗುವನ್ನು ರಾತ್ರಿಯೆಲ್ಲ ತೊಡೆಯ ಮೇಲೆ ಕೂರಿಸಿಕೊಂಡವರು ನಗಲಾರರು. ತಪ್ಪಾದುದು ಬೇರೆ ಕಡೆ. ಮದ್ದು ಬಿದ್ದಿತಲ್ಲ, ಇನ್ನೇಕೆಂದು ದಿನವೂ ಸೇದಿಸುತ್ತಿದ್ದ ಇನ್‌ಹೇಲರನ್ನು ನಿಲ್ಲಿಸಿಬಿಟ್ಟರು. “ಪಂಪಿನ ಚಟ ಹತ್ತಿದರ ನಾಳೆ ಹೆಣ್ಣು ಮಗಳಿಗಿ ವರ ಯಾರ ಬರತಾರಪಾ?” ಎಂಬ ಆಯಿಯ ಚಿಂತೆಯೂ ಅದಕ್ಕೆ ಕೂಡಿತು.

ಜುಲೈ ತಿಂಗಳ ಒಂದು ಮಳೆಯ ರಾತ್ರಿ ಮಗುವಿನ ತುಟಿ ನೀಲಿಗಟ್ಟಿತು. ಮಾತಿಗೆ ಉಸಿರು ಸಾಲದೆ, “ಅಪ್ಪಾ” ಎಂಬ ಎರಡಕ್ಷರದ ನಡುವೆಯೇ ನಿಂತಿತು. ಆಟೋ ಹಿಡಿದು ದವಾಖಾನೆ ಸೇರಿ, ಮುಖಕ್ಕೆ ಮುಖವಾಡ ಕಟ್ಟಿ, ಹಬೆಯಾದ ಔಷಧ ಎದೆಗಿಳಿಯುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಆ ಒಂದು ಗಂಟೆಯ ಬಗ್ಗೆ ಜಮಾಖರ್ಚಿನ ಪುಸ್ತಕದಲ್ಲಿ ತಾರೀಖು ಮಾತ್ರ ಇದೆ.

ಡಾಕ್ಟರಮ್ಮ ಗದರಲಿಲ್ಲ. ಸೇದುವ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅದರ ಪ್ರಮಾಣ ಗುಳಿಗೆಗಿಂತ ಎಷ್ಟೋ ಕಡಿಮೆಯೆಂದೂ, ಅದು ಚಟವಲ್ಲವೆಂದೂ, ದಿನದ ಔಷಧವನ್ನು ತಾವು ಹೇಳದೆ ಬಿಡಬಾರದೆಂದೂ ತಿಳಿಸಿದರು. ಆಮೇಲೆ ಪುಸ್ತಕ ತಿರುವಿ ಕೇಳಿದರು: “ಔರಾದದಾಗ ಮಗು ಏನು ಹೊದ್ದುಕೊಳ್ಳತದರಿ?”

ಕೌದಿ. ಆಯಿ ತನ್ನ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೊಮ್ಮಗಳು ಹುಟ್ಟಿದ ವರ್ಷ ಕೈಯಿಂದಲೇ ಹೊಲಿದ ಕೌದಿ. ವರ್ಷವೆಲ್ಲ ಟ್ರಂಕಿನಲ್ಲಿ, ಮಣ್ಣಿನ ಮಾಳಿಗೆಯ ಒಳಕೋಣೆಯಲ್ಲಿರುತ್ತಿತ್ತು. ದೀಪಾವಳಿಗೆ ಮಗು ಬಂದಾಗ ಹೊರಬರುತ್ತಿತ್ತು. ಧೂಳಿನ ಅಲರ್ಜಿಗೆ ಮುಖ್ಯ ಕಾರಣ ಹಾಸಿಗೆಗಳಲ್ಲಿ ಬಾಳುವ, ಬರಿಗಣ್ಣಿಗೆ ಕಾಣದ ನುಸಿಯೆಂದು ನೆದರ್ಲೆಂಡಿನ ಲೈಡನ್ನಿನ ವಿಜ್ಞಾನಿಗಳು 1964ರಲ್ಲಿ ತೋರಿಸಿಕೊಟ್ಟರು. ಮನುಷ್ಯನ ಮೈಯಿಂದ ಉದುರಿದ ಚರ್ಮದ ಹೊಟ್ಟೇ ಅದರ ಆಹಾರ; ನೀರನ್ನು ಅದು ಗಾಳಿಯ ತೇವದಿಂದಲೇ ಹೀರಿಕೊಳ್ಳುತ್ತದೆ. ಆದುದರಿಂದ ಮಳೆಗಾಲದಲ್ಲಿ ಅದರ ಸಂತಾನ ಹೆಚ್ಚುತ್ತದೆ; ಮಳೆ ನಿಂತ ಮೇಲೆ ನುಸಿ ಸತ್ತರೂ ಅದರ ಹಿಕ್ಕೆ ಬಟ್ಟೆಯಲ್ಲೇ ಉಳಿದು, ಕೊಡವಿದೊಡನೆ ಗಾಳಿಗೇರುತ್ತದೆ. ದೀಪಾವಳಿಗೆ ಬಿಚ್ಚಿದ ಕೌದಿಯ ರಹಸ್ಯ ಇಷ್ಟೇ.

ಈ ಮಾತನ್ನು ಮಗ ತಾಯಿಗೆ ಹೇಳಿದುದು ಔರಾದದ ಪಡಸಾಲೆಯಲ್ಲಿ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಅಂದರ ನನ್ನ ಕೌದಿನೇ ಕೂಸಿನ ಕುತ್ತಿಗಿ ಹಿಚಕತಿತ್ತೇನು, ತಮ್ಮಾ?” ಎಂದರು.

ಅಲ್ಲವೆನ್ನಲು ಆತನಿಗೆ ಬಾಯಿ ಬರಲಿಲ್ಲ.

ಹೊಸ ಕಂಬಳಿ ತರುವೆನೆಂದ ಮಗನ ಮಾತನ್ನು ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ನೀರು ಎಷ್ಟು ಬಿಸಿಯಿರಬೇಕೆಂದು ಮಾತ್ರ ಕೇಳಿದರು. 60 ಡಿಗ್ರಿಯೆಂದರೆ ಆಕೆಗೆ ಏನು ತಿಳಿದೀತು? ಕೈ ಇಡಲಾಗದಷ್ಟು, ಎಂದ ಮಗ. ಹಬ್ಬದ ಎರಡು ವಾರ ಮೊದಲು ಎಣ್ಣೆಸ್ನಾನದ ಹಂಡೆಯಲ್ಲೇ ಕೌದಿ ಕುದಿಯಿತು. ಮದುವೆಯ ಹಸಿರು ಸೀರೆಯ ಬಣ್ಣ ಬಿಟ್ಟು ಉಳಿದ ಪದರಗಳಿಗೆಲ್ಲ ಹರಡಿತು. ನೀರುಂಡು ಒಬ್ಬರಿಂದ ಎತ್ತಲಾಗದಷ್ಟು ಭಾರವಾದುದನ್ನು ನೆರೆಮನೆಯವರ ಸಹಾಯದಿಂದ ಮಾಳಿಗೆಗೇರಿಸಿ ನಾಲ್ಕು ದಿನ ಬಿಸಿಲಿಗೆ ಹರವಿದರು. ಸುಣ್ಣ ಬಳಿಯುವುದು, ಜೇಡ ಹೊಡೆಯುವುದು ಎಲ್ಲವೂ ಮಗು ಬರುವ ಮೊದಲೇ ಮುಗಿಯಿತು.

ಮಗು ಇನ್‌ಹೇಲರ್ ಸೇದಿ, ಬಾಯಿ ಮುಕ್ಕಳಿಸಿ, ಅದೇ ಕೌದಿ ಹೊದ್ದು ಮಲಗಿತು. ತಂದೆ ಎರಡು ಗಂಟೆಯವರೆಗೆ ಕಿವಿಗೊಟ್ಟು ಕುಳಿತಿದ್ದರು. ಬಾಗಿಲ ಬಳಿ ಆಯಿಯೂ ಕುಳಿತಿದ್ದರು. ಸಿಳ್ಳೆಯ ಸದ್ದಿಲ್ಲ.

ಮರುದಿನ ಮಧ್ಯಾಹ್ನ ಪಕ್ಕದ ಹೊಲದಲ್ಲಿ ತಡವಾಗಿ ಕೊಯ್ದ ಸೋಯಾದ ರಾಶಿಯಂತ್ರ ಶುರುವಾಗಿ, ಹೊಟ್ಟಿನ ಧೂಳು ಓಣಿಯನ್ನೇ ಮುಚ್ಚಿತು. ಕಿಟಕಿ ಹಾಕುವಷ್ಟರಲ್ಲಿ ಮಗುವಿಗೆ ಎರಡು ಸಲ ಕೆಮ್ಮು. ಗುಮಾಸ್ತರು ಪುಸ್ತಕ ತೆಗೆದರು. ಅಕ್ಷರ ಬಾರದ ತಾಯಿ ಬಗ್ಗಿ ನೋಡಿ, ಏನು ಬರೆದೆಯೆಂದು ಕೇಳಿದರು.

“ಹೊಟ್ಟಿನ ಧೂಳ ಅಂತ ಬರದೀನಿ, ಅವ್ವಾ.”

“ಕೌದಿ ಅಂತ ಬರದಿಲ್ಲಲಾ?”

“ಇಲ್ಲವ್ವಾ.”

ಆಕೆ ಎದ್ದು ಮೊಮ್ಮಗಳಿಗೆ ಕುಡಿಯಲು ಬಿಸಿನೀರು ತರಲು ಒಳಗೆ ಹೋದರು.