ಬಾಯ್ಲ್‌ನ ನಿಯಮ ಕಿವಿಗೆ ತಿಳಿದ ದಿನ

ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಹೇಳುತ್ತ ಬಂದವನು ನಾನು. ‘ಉಷ್ಣತೆ ಸ್ಥಿರವಾಗಿದ್ದಾಗ ಅನಿಲದ ಗಾತ್ರವು ಅದರ ಮೇಲಿನ ಒತ್ತಡಕ್ಕೆ ವಿಲೋಮಾನುಪಾತದಲ್ಲಿರುತ್ತದೆ’ ಎಂಬ ಬಾಯ್ಲ್‌ನ ನಿಯಮವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಅದು ನಿಜವೆಂದು ನನ್ನ ಸ್ವಂತ ಕಿವಿಗೆ ತಿಳಿದದ್ದು ಅಂಡಮಾನಿನ ಸಮುದ್ರದಲ್ಲಿ, ನೀರಿನ ಮಟ್ಟದಿಂದ ಮೂರು ಮೀಟರ್ ಕೆಳಗೆ!

ಬೇಸಿಗೆ ರಜೆಯಲ್ಲಿ ಅಂಡಮಾನ್ ಪ್ರವಾಸಕ್ಕೆ ಹೊರಟಿದ್ದ ಮಗ, ಸೊಸೆ ‘ನೀವೂ ಬನ್ನಿ’ ಎಂದು ನಮ್ಮಿಬ್ಬರನ್ನೂ ಎಳೆದುಕೊಂಡು ಹೋಗಿದ್ದರು. ಪೋರ್ಟ್ ಬ್ಲೇರ್‌ನಿಂದ (2024ರಿಂದ ಅದರ ಹೆಸರು ಶ್ರೀ ವಿಜಯ ಪುರಂ) ಹಡಗಿನಲ್ಲಿ ಸುಮಾರು ಎರಡು ಗಂಟೆ ಸಾಗಿದರೆ ಹ್ಯಾವ್‌ಲಾಕ್ ದ್ವೀಪ. ಬ್ರಿಟಿಷ್ ಸೇನಾನಿಯೊಬ್ಬನ ಹೆಸರು ಹೊತ್ತಿದ್ದ ಇದಕ್ಕೆ 2018ರಲ್ಲಿ ಸ್ವರಾಜ್ ದ್ವೀಪವೆಂದು ಮರುನಾಮಕರಣವಾಯಿತು. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ಹಾಗಾಗಿ ಊರುಗಳ ಹೆಸರೂ ಗೋವಿಂದನಗರ, ರಾಧಾನಗರ, ಶ್ಯಾಮನಗರ. ಅಡಿಕೆ, ತೆಂಗು, ಬಾಳೆಗಳ ನಡುವಿನ ರಸ್ತೆಯಲ್ಲಿ ಸಾಗುವಾಗ ನಮ್ಮ ದಕ್ಷಿಣ ಕನ್ನಡದಲ್ಲೇ ಇದ್ದೇವೆನಿಸುತ್ತದೆ.

ನಾವಿಳಿದುಕೊಂಡಿದ್ದ ರೆಸಾರ್ಟಿಗೇ ಸೇರಿದ ಡೈವಿಂಗ್ ಕೇಂದ್ರವೊಂದಿತ್ತು. ಈಜು ಬಾರದವರನ್ನೂ ಶಿಕ್ಷಕರು ಕೈಹಿಡಿದು ಕಡಲೊಳಗೆ ಕರೆದೊಯ್ಯುತ್ತಾರೆಂದು ಮಗ ಹುರಿದುಂಬಿಸಿದ. ನಾನೋ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಊರ ಬಾವಿಯಲ್ಲಿ ಈಜು ಕಲಿತವನು. ‘ಆಗಲಿ’ ಎಂದೆ.

ಮೊದಲು ಕೈಗೆ ಬಂದದ್ದು ಒಂದು ಫಾರಂ. ಆಸ್ತಮಾ ಇದೆಯೇ? ಹೃದಯದ ತೊಂದರೆ? ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ? ಆರು ವರ್ಷಗಳಿಂದ ದಿನಾ ಬೆಳಿಗ್ಗೆ ನಾನೊಂದು ಮಾತ್ರೆ ನುಂಗುತ್ತೇನೆ. ‘ಹೌದು ಎಂದರೆ ಡಾಕ್ಟರ ಸರ್ಟಿಫಿಕೇಟ್ ಕೇಳ್ತಾರೆ ಅಪ್ಪ, ಇವತ್ತಿನ ದಿನ ಹೋಗುತ್ತೆ’ ಎಂದು ಮಗ ಪಿಸುಗುಟ್ಟಿದ. ಹಣವನ್ನೂ ಕಟ್ಟಿಯಾಗಿತ್ತು. ನನ್ನ ಪೆನ್ನು ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿಬಿಟ್ಟಿತು. ಪರೀಕ್ಷೆಯಲ್ಲಿ ನಕಲು ಮಾಡಿದ ಎಷ್ಟು ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿಲ್ಲ!

ಆಮೇಲೆ ಶಿಕ್ಷಕ ಪಾಠ ಶುರುಮಾಡಿದ. ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಬಂಗಾಳಿ ಯುವಕ. ‘ನೀರಿನೊಳಗೆ ನಿಮಗೆ ಏನಾದರೂ ಆದರೆ ನಾನು ನಿಮ್ಮನ್ನು ಬಿಟ್ಟು ಬರುವುದಿಲ್ಲ. ಆದ್ದರಿಂದ ಫಾರಂನಲ್ಲಿ ಬರೆದದ್ದು ನಿಮ್ಮೊಬ್ಬರ ವಿಷಯವಲ್ಲ’ ಎಂದ. ಅವನು ಎಲ್ಲರಿಗೂ ಹೇಳುವ ಮಾತದು. ನನಗೆ ಮಾತ್ರ ನನ್ನನ್ನೇ ನೋಡಿ ಹೇಳಿದಂತಾಯಿತು. ಎದ್ದುಹೋಗಿ ಫಾರಂ ವಾಪಸು ಕೇಳಿ, ಉತ್ತರ ತಿದ್ದಿ, ಪಕ್ಕದಲ್ಲಿ ಸಹಿ ಮಾಡಿದೆ. ಅವನು ಗದರಲಿಲ್ಲ. ‘ನಾಳೆ ಬನ್ನಿ’ ಎಂದಷ್ಟೇ ಹೇಳಿದ. ಆ ದಿನ ಮಗ, ಸೊಸೆ ಸಮುದ್ರಕ್ಕೆ, ನಾನು ವೈದ್ಯರಲ್ಲಿಗೆ. ಒತ್ತಡ ಹತೋಟಿಯಲ್ಲಿದೆಯೆಂದು ಕಾಗದ ಸಿಕ್ಕಿದ ಮೇಲೆಯೇ ಮರುದಿನ ನನ್ನ ಸರದಿ ಬಂತು.

ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಣ್ಣು ಮೂಗು ಮುಚ್ಚುವ ಮುಖವಾಡ, ಬಾಯಲ್ಲಿ ಉಸಿರಾಟದ ಕೊಳವೆ. ಸಿಲಿಂಡರಿನಲ್ಲಿರುವುದು ಆಮ್ಲಜನಕವೆಂದೇ ಬಹಳ ಜನರ ನಂಬಿಕೆ. ಅದು ಶೋಧಿಸಿ ಒತ್ತಿ ತುಂಬಿದ ಮಾಮೂಲು ಗಾಳಿ. ಶುದ್ಧ ಆಮ್ಲಜನಕವನ್ನು ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗುತ್ತದೆ. ಸುಮಾರು 11 ಲೀಟರ್ ಹಿಡಿಯುವ ಸಿಲಿಂಡರಿನಲ್ಲಿ 200 ವಾಯುಭಾರದಷ್ಟು ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ಇರುತ್ತದೆ. ಈಜುಗಾರನಿಗೆ ಬೇಕಾದಾಗ, ಬೇಕಾದಷ್ಟೇ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಒದಗಿಸುವ ಕವಾಟವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೊ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದರು. ಇಂದಿನ ಸ್ಕೂಬಾ ಸಾಧನಗಳಿಗೆ ಅದೇ ಮೂಲ.

ಸೊಂಟಮಟ್ಟದ ನೀರಿನಲ್ಲಿ ಅರ್ಧ ಗಂಟೆ ಅಭ್ಯಾಸವಾಯಿತು. ನಿಯಮಗಳಲ್ಲಿ ಮೊದಲನೆಯದು: ಉಸಿರು ಎಂದೂ ಬಿಗಿಹಿಡಿಯಕೂಡದು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಭಾರದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಕೆಳಗೆ ಎದೆತುಂಬ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ ಆ ಗಾಳಿ ಎರಡರಷ್ಟಾಗಲು ನೋಡುತ್ತದೆ. ಶ್ವಾಸಕೋಶ ಬಲೂನಿನಂತೆ ಹಿಗ್ಗಲಾರದು, ಹರಿಯುತ್ತದೆ. ಬಾಯ್ಲ್‌ನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿರಲಿಲ್ಲ.

ಕೆಳಗಿಳಿಯತೊಡಗಿದೆವು. ಮೂರು ಮೀಟರಿಗೇ ಕಿವಿಗೆ ಸೂಜಿ ಚುಚ್ಚಿದಂತಾಯಿತು. ಹೇಳಿಕೊಟ್ಟಂತೆ ಮೂಗು ಹಿಡಿದು ಮೆಲ್ಲಗೆ ಊದಿದೆ. ‘ಟಕ್’ ಎಂದು ಸದ್ದಾಗಿ ನೋವು ಮಾಯ. ಆ ಸಂತೋಷಕ್ಕೆ ಹೆಬ್ಬೆರಳು ಎತ್ತಿ ತೋರಿಸಿದೆ. ತಕ್ಷಣ ಆತ ನನ್ನನ್ನು ಮೇಲಕ್ಕೆ ಎತ್ತತೊಡಗಿದ! ನೀರಿನೊಳಗಿನ ಭಾಷೆಯಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ‘ಎಲ್ಲ ಸರಿಯಿದೆ’ ಎನ್ನಲು ಹೆಬ್ಬೆರಳು, ತೋರುಬೆರಳುಗಳನ್ನು ಕೂಡಿಸಿ ಬಳೆ ಮಾಡಬೇಕು. ಪಾಠ ಸರಿಯಾಗಿ ಕೇಳಿಸಿಕೊಳ್ಳದ ವಿದ್ಯಾರ್ಥಿಯ ಪಾಡು ಇದೇ.

ಹತ್ತು ಮೀಟರಿನಲ್ಲಿ ಮಣಿಕಟ್ಟು ನೋಡಿಕೊಂಡೆ. ಊರ ದೇವಸ್ಥಾನದಲ್ಲಿ ಕಟ್ಟಿಸಿಕೊಂಡಿದ್ದ ಕೆಂಪು ದಾರ ಮಾಸಿದ ಕಂದು ಬಣ್ಣಕ್ಕೆ ತಿರುಗಿತ್ತು. ನೀರು ಮೊದಲು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನೀಲಿಯನ್ನು ಕೊನೆಗೆ. ಮುಖವಾಡದ ಗಾಜಿನಲ್ಲಿ ಬೆಳಕು ವಕ್ರೀಭವಿಸುವುದರಿಂದ ಎಲ್ಲವೂ ಮೂರನೆಯ ಒಂದು ಭಾಗದಷ್ಟು ದೊಡ್ಡದಾಗಿ ಕಾಣುತ್ತದೆ. ಮುಟ್ಟಲು ಹೋದರೆ ಇನ್ನೂ ದೂರದಲ್ಲಿರುತ್ತದೆ.

ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನಲ್ಲಿ, ನಾನು ಕೆಲಸಕ್ಕೆ ಸೇರುವ ಮೊದಲೇ ಯಾರೋ ತಂದಿಟ್ಟ ಬಿಳಿ ಹವಳದ ತುಂಡೊಂದಿದೆ. ‘ಇದು ಕಲ್ಲಾ ಸಾರ್?’ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ‘ಅಲ್ಲ, ಪ್ರಾಣಿ’ ಎನ್ನುತ್ತೇನೆ. ಯಾರೂ ನಂಬುವುದಿಲ್ಲ. ಹಾಗೆ ಹೇಳುತ್ತಿದ್ದ ನಾನೂ ಜೀವಂತ ಹವಳವನ್ನು ಕಂಡವನಲ್ಲ. ಈಗ ಕಣ್ಣೆದುರೇ ಇತ್ತು. ಜಿಂಕೆಯ ಕೊಂಬಿನಂತೆ ಕವಲೊಡೆದವು, ಗುಂಡುಕಲ್ಲಿನಂತೆ ದುಂಡಗಿರುವವು, ಕಂದು, ಹಸಿರು, ತಿಳಿ ನೇರಳೆ. ಕಡಲಹೂವಿನ ಕೈಗಳ ನಡುವೆ ಇಣುಕುವ ಕೋಡಂಗಿ ಮೀನುಗಳು. ಗಿಳಿಮೀನೊಂದು ಕಡಲೆ ಅಗಿದಂತೆ ಹವಳದ ಕಲ್ಲನ್ನು ಕೆರೆಯುತ್ತಿದ್ದ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅದು ತಿಂದು ವಿಸರ್ಜಿಸುವ ಪುಡಿಯೇ ಇಂಥ ದ್ವೀಪಗಳ ಬಿಳಿ ಮರಳಿನ ಒಂದು ಪಾಲು.

ಸ್ವಲ್ಪ ಮುಂದೆ ಆತ ಕೈ ತೋರಿಸಿದ. ಅಲ್ಲಿ ಬಣ್ಣವಿರಲಿಲ್ಲ. ಮುರಿದ ಕೊಂಬುಗಳ ರಾಶಿ, ಮೇಲೆ ಬೂದು ಪಾಚಿ. ನಮ್ಮ ಬೀರುವಿನ ತುಂಡುಗಳೇ ಎಕರೆಗಟ್ಟಲೆ ಹರಡಿದಂತೆ. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಲ್ಲಿ ಆಹಾರ ತಯಾರಿಸಿ ಬಾಡಿಗೆಯಂತೆ ಮನೆಯೊಡೆಯನಿಗೆ ಕೊಡುತ್ತದೆ. ಬಣ್ಣವೂ ಬಹುಪಾಲು ಅದರದೇ. ನೀರಿನ ಉಷ್ಣತೆ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ಕೆಲವು ವಾರ ನಿಂತರೂ ಸಾಕು, ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ನೀರು ಬೇಗ ತಂಪಾದರೆ ಉಳಿದೀತು, ಇಲ್ಲವಾದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನಲ್ಲಿ 2010 ಮತ್ತು 2016ರಲ್ಲಿ ಹೀಗಾಗಿತ್ತು. 2024ರಲ್ಲಿ ಜಗತ್ತಿನ ನಾಲ್ಕನೆಯ ಜಾಗತಿಕ ಹವಳ ಬಿಳಿಚುವಿಕೆಯನ್ನು ವಿಜ್ಞಾನಿಗಳು ಘೋಷಿಸಿದರು. ದುಂಡು ಹವಳಗಳು ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ.

ಮೇಲೆ ಬಂದಾಗ ಮಾತೇ ಹೊರಡಲಿಲ್ಲ. ‘ನಾನು ಚಿಕ್ಕವನಿದ್ದಾಗ ಆ ಜಾಗವೆಲ್ಲ ಬಣ್ಣದ್ದೇ ಆಗಿತ್ತು’ ಎಂದ ಆ ಯುವಕ. ‘ಸತ್ತಿದ್ದನ್ನು ಪ್ರವಾಸಿಗರಿಗೆ ಯಾರೂ ತೋರಿಸುವುದಿಲ್ಲ. ನೀವು ಮೇಷ್ಟ್ರು ಅಂತ ತೋರಿಸಿದೆ.’

ಜೂನ್‌ನಲ್ಲಿ ಶಾಲೆ ತೆರೆಯಿತು. ಬೀರು ತೆಗೆದು ಅದೇ ತುಂಡನ್ನು ಹಿಡಿದು ಒಂಬತ್ತನೆಯ ತರಗತಿಗೆ ಹೋದೆ. ಎಂದಿನ ಪ್ರಶ್ನೆ ಬಂತು. ಈ ಸಲ, ‘ಇದು ಮನೆ. ಇದ್ದವರು ಈಗಿಲ್ಲ’ ಎಂದೆ. ಹೇಗೆ ಹೋದರೆಂದು ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿತು, ಯಾರೂ ಏಳಲಿಲ್ಲ.

ಹೋಗುವವರಿಗೆ ಎರಡು ಮಾತು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಶಾಂತವಾಗಿರುತ್ತದೆ. ಅಷ್ಟು ದೂರ ಬೇಡವೆನ್ನುವವರಿಗೆ ಮುರ್ಡೇಶ್ವರದ ಬಳಿ ನಮ್ಮದೇ ನೇತ್ರಾಣಿ ಇದೆ. ಡೈವಿಂಗ್ ಮಾಡಿದ ಮೇಲೆ ವಿಮಾನ ಹತ್ತಲು ಹದಿನೆಂಟು ಗಂಟೆಯಾದರೂ ಬಿಡಿ. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ಗೋಲಿ ಒತ್ತಿದ ಸೋಡಾದಂತೆ ಗುಳ್ಳೆಯೇಳಬಾರದಲ್ಲ! ಹವಳವನ್ನು ಮುಟ್ಟಬೇಡಿ, ತರಲೂ ಬೇಡಿ, ಅದು ಕಾನೂನಿನ ಪ್ರಕಾರ ಅಪರಾಧ. ಫಾರಂ ಕೈಗೆ ಬಂದಾಗ ನಿಜವನ್ನೇ ಬರೆಯಿರಿ. ಒಂದು ದಿನ ತಡವಾದರೆ ಸಮುದ್ರ ಎಲ್ಲಿಗೂ ಹೋಗುವುದಿಲ್ಲ.