ಚಿತ್ರದಲ್ಲಿ ಕಾಣದ ಕಾಲು

ದುಲ್‌ಹಜ್ಜ್ ತಿಂಗಳು ಸಮೀಪಿಸಿತೆಂದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಗಳ ಮೊಬೈಲುಗಳಲ್ಲಿ ಟಗರು ಮತ್ತು ಹೋತಗಳ ಮೆರವಣಿಗೆಯೇ ಆರಂಭವಾಗುತ್ತದೆ. ಕೊರಳಿಗೆ ಹೊಸ ಹಗ್ಗ, ಮೈಗೆ ಎಣ್ಣೆಯ ಹೊಳಪು, ಕೆಳಗೆ ತೂಕ ಮತ್ತು ಬೆಲೆ. ಸಂತೆಗೆ ಹೋಗಿ, ಬಾಯಿ ಬಿಡಿಸಿ ಹಲ್ಲು ನೋಡಿ, ಸೊಂಟದ ಮೇಲೆ ಕೈಯಾಡಿಸಿ, ನಾಲ್ಕು ಹೆಜ್ಜೆ ನಡೆಸಿ ವ್ಯಾಪಾರ ಕುದುರಿಸುತ್ತಿದ್ದ ನಮ್ಮ ಜನ ಈಗ ಒಂದು ಚಿತ್ರ ನೋಡಿ ಮುಂಗಡ ಹಣ ಕಳುಹಿಸುತ್ತಿದ್ದಾರೆ. ಹಿಂದೆ ಸಂತೆಯ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ಬೆಲೆ ಗುಟ್ಟಾಗಿರುತ್ತಿತ್ತು, ಪ್ರಾಣಿ ಬಯಲಲ್ಲಿ ನಿಂತಿರುತ್ತಿತ್ತು. ಈಗ ಬೆಲೆ ಊರಿಗೆಲ್ಲ ಕಾಣುತ್ತದೆ, ಪ್ರಾಣಿಯೇ ಮರೆಯಲ್ಲಿದೆ.

ಮೊಬೈಲನ್ನು ನೆಲದ ಹತ್ತಿರಕ್ಕೆ ತಂದು ಮುಂದಿನಿಂದ ಚಿತ್ರ ತೆಗೆದರೆ ಸಾಧಾರಣ ಟಗರೂ ಭಾರೀ ಎದೆಯುಳ್ಳದ್ದಾಗಿ ತೋರುತ್ತದೆ. ಪಕ್ಕದಲ್ಲಿ ಚಿಕ್ಕ ಹುಡುಗನನ್ನು ನಿಲ್ಲಿಸಿದರೆ ಇನ್ನೂ ದೊಡ್ಡದು. ಉಣ್ಣೆ ದಟ್ಟವಾಗಿದ್ದರೆ ಪಕ್ಕೆಲುಬು ಕಾಣದು. ಉಪ್ಪು ತಿನ್ನಿಸಿ ನೀರು ಕುಡಿಸಿದರೆ ಹೊಟ್ಟೆ ತುಂಬಿಕೊಳ್ಳುತ್ತದೆ. ಅದು ಚಿತ್ರಕ್ಕೂ ಒದಗುತ್ತದೆ, ತಕ್ಕಡಿಗೂ ಒದಗುತ್ತದೆ. ಇನ್ನು ಹಸಿರು ಹುಲ್ಲು. ಬಕ್ರೀದ್ 2023ರಲ್ಲಿ ಜೂನ್ 29ಕ್ಕೆ, 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ನಮ್ಮ ಅರೆಮಲೆನಾಡಿಗೆ ಮುಂಗಾರು ಕಾಲಿಡುವ ದಿನಗಳವು. ಕೆಸರಿನಲ್ಲಿ ನಿಂತ ಕುರಿಗೆ ಗೊರಸಿನ ಬೇನೆ ಬೇಗ ತಗಲುತ್ತದೆ, ಎತ್ತರದ ಹುಲ್ಲು ಆ ಗೊರಸನ್ನು ಸಂಪೂರ್ಣ ಮುಚ್ಚುತ್ತದೆ. ಕುದುರೆಯ ಚಿತ್ರ ನೋಡಿ ಕೊಳ್ಳುವವರಿಗೂ ಇದೇ ತೊಡಕು: ಕುದುರೆಯ ಬೆಲೆಯೆಲ್ಲ ಕಾಲಿನಲ್ಲಿ, ಹುಲ್ಲಿನಲ್ಲಿ ನಿಂತ ಕುದುರೆಗೆ ಕಾಲೇ ಕಾಣದು.

ಬರಾಅ್ ಬಿನ್ ಆಝಿಬ್(ರ) ವರದಿ ಮಾಡಿರುವ ಹದೀಸ್ ಒಂದರಲ್ಲಿ ಪ್ರವಾದಿವರ್ಯರು(ಸ) ಕುರ್ಬಾನಿಗೆ ಸಲ್ಲದ ನಾಲ್ಕು ಬಗೆಯ ಪ್ರಾಣಿಗಳನ್ನು ಹೆಸರಿಸಿದ್ದಾರೆ: ಸ್ಪಷ್ಟವಾಗಿ ಒಕ್ಕಣ್ಣಾದದ್ದು, ಸ್ಪಷ್ಟವಾಗಿ ರೋಗಗ್ರಸ್ತವಾದದ್ದು, ಸ್ಪಷ್ಟವಾಗಿ ಕುಂಟುವಂಥದ್ದು, ಮೂಳೆಯಲ್ಲಿ ಮಜ್ಜೆ ಉಳಿಯದಷ್ಟು ಬಡಕಲಾದದ್ದು. ಈ ನಾಲ್ಕನ್ನೂ ಒಂದು ಚಿತ್ರದ ಎದುರು ಇಟ್ಟು ನೋಡಬೇಕು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಒಂದೇ ಕಣ್ಣು ಇರುತ್ತದೆ. ಕುಂಟು ತಿಳಿಯಲು ಪ್ರಾಣಿ ನಡೆಯಬೇಕು. ಬಡಕಲುತನ ತಿಳಿಯಲು ಬೆನ್ನಮೂಳೆಯ ಮೇಲೆ ಕೈಯಿಡಬೇಕು. ರೋಗ ಮೇವಿನ ಎದುರು, ಉಸಿರಾಟದಲ್ಲಿ, ಹಿಕ್ಕೆಯಲ್ಲಿ ಗೊತ್ತಾಗುತ್ತದೆ. ಚೆನ್ನಾಗಿ ಕಾಣುವುದು ಕೊಂಬು ಮತ್ತು ಬಣ್ಣ. ನಮ್ಮ ಸೀಮೆಯ ಹಿರಿಯರು ಸುಳಿ ನೋಡುತ್ತಿದ್ದರು, ಅದೂ ಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಸುಳಿಯ ಶಕುನಕ್ಕೆ ನಮ್ಮ ದೀನ್‌ನಲ್ಲಿ ಸ್ಥಾನವಿಲ್ಲ.

ನಮ್ಮ ಸಹೋದರಿಯ ಮಗ ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವರ್ಷಕ್ಕೆ ಆರೇಳು ಟಗರು ಸಾಕಿ ಬಕ್ರೀದ್‌ಗೆ ಮಾರುತ್ತಾನೆ. ಒಂದು ವರ್ಷ ಅವುಗಳಲ್ಲೇ ದೊಡ್ಡದರ ಹಿಂಗಾಲಿಗೆ ಪೆಟ್ಟಾಯಿತು. ನಿಂತಾಗ ಏನೂ ತಿಳಿಯದು, ನಡೆದಾಗ ಕಾಲು ಎಳೆಯುತ್ತಿತ್ತು. ಬೆಂಗಳೂರಿನ ಕುಟುಂಬವೊಂದು ಚಿತ್ರ ನೋಡಿ ಒಪ್ಪಿ ಮುಂಗಡವನ್ನೂ ಕೊಟ್ಟಿತ್ತು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಹಬ್ಬದ ಹಿಂದಿನ ದಿನ ಟಗರು ಅವರ ಬಾಗಿಲಿಗೆ ಹೋದರೆ ಹಿಂದಿರುಗಿಸಲು ಅವರಿಗೆ ಪುರುಸೊತ್ತೂ ಇರದು. “ಮಾಮು, ಕಾಲು ಚೆನ್ನಾಗಿದೆ ಅಂತ ನಾನು ಎಲ್ಲೂ ಬರೆದಿಲ್ಲ. ಅವರೂ ಕೇಳಿಲ್ಲ. ಫೋಟೋ ಈ ಟಗರಿನದೇ. ಇದರಲ್ಲಿ ಸುಳ್ಳು ಏನಿದೆ?” ಎಂದು ಅವನು ಕೇಳಿದ. ಹುಡುಗ ಜಾಣತನಕ್ಕಾಗಿ ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ್ದ.

ಅರಬರಲ್ಲಿ ಒಂದು ರೂಢಿಯಿತ್ತು. ಮಾರುವ ಮುನ್ನ ಒಂಟೆಯ ಅಥವಾ ಮೇಕೆಯ ಕೆಚ್ಚಲನ್ನು ಎರಡು ದಿನ ಕರೆಯದೆ ಬಿಗಿದಿಡುತ್ತಿದ್ದರು. ಕೊಳ್ಳುವವನು ತುಂಬಿದ ಕೆಚ್ಚಲು ಕಂಡು ಮರುಳಾಗುತ್ತಿದ್ದ. ಅಲ್ಲಿಯೂ ಮಾರುವವನು ಬಾಯಿಬಿಟ್ಟು ಸುಳ್ಳು ಹೇಳುತ್ತಿರಲಿಲ್ಲ. ಕೆಚ್ಚಲು ಆ ಪ್ರಾಣಿಯದೇ, ಹಾಲೂ ಅದರದೇ. ಆದರೂ ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಿದರು. ಹಾಲು ಕರೆದು ನೋಡಿದ ಮೇಲೆ ಇಟ್ಟುಕೊಳ್ಳುವ ಅಥವಾ ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸುವ ಆಯ್ಕೆಯನ್ನು ಕೊಂಡವನಿಗೆ ಕೊಟ್ಟರು. ಹಿಂದಿರುಗಿಸುವ ವಿಧಾನದ ಬಗ್ಗೆ ಇಮಾಮರಲ್ಲಿ ಭಿನ್ನಾಭಿಪ್ರಾಯವಿದೆ, ಕೃತ್ಯ ನಿಷಿದ್ಧವೆಂಬುದರಲ್ಲಿ ಇಲ್ಲ. ಧಾನ್ಯದ ರಾಶಿಯ ಪ್ರಸಂಗ ನಮ್ಮ ಮಕ್ಕಳಿಗೂ ತಿಳಿದದ್ದೇ. ಪ್ರವಾದಿವರ್ಯರು(ಸ) ರಾಶಿಯೊಳಗೆ ಕೈಯಿಟ್ಟಾಗ ಬೆರಳಿಗೆ ತೇವ ತಗಲಿತು. ಮಳೆಯಿಂದಾಯಿತೆಂದು ವ್ಯಾಪಾರಿ ಹೇಳಿದ. ಅದು ನಿಜವೂ ಇದ್ದಿರಬೇಕು. ಜನರಿಗೆ ಕಾಣುವಂತೆ ಅದನ್ನು ಮೇಲಿಡಲಿಲ್ಲವೇಕೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಅಂದರೆ ಕೊರತೆಯನ್ನು ಕೇಳಿ ತಿಳಿಯುವ ಹೊಣೆಯನ್ನು ಕೊಳ್ಳುವವನ ತಲೆಗೆ ಕಟ್ಟುವಂತಿಲ್ಲ, ತೋರಿಸುವ ಹೊಣೆ ಮಾರುವವನದು.

ಹುಡುಗ ಟಗರನ್ನು ನಡೆಸಿ ವಿಡಿಯೋ ಮಾಡಿ ಕಳುಹಿಸಿದ. ಅವರು ಬೇಡವೆಂದರು. ಮುಂಗಡ ಅಂದೇ ಹಿಂದಿರುಗಿತು. ಹಬ್ಬ ಕಳೆದ ಮೇಲೆ ಆ ಟಗರು ಸಂತೆಯಲ್ಲಿ ಮಾಂಸದ ದರಕ್ಕೆ ಹೋಯಿತು. ಆ ಹಣದಲ್ಲಿ ಅವನ ತಂಗಿಯ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು; ನಮ್ಮ ಸಹೋದರಿ ಕೆಲವು ದಿನ ನಮ್ಮೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಅವರ ಬೇಸರವನ್ನು ನಾವು ತಪ್ಪೆನ್ನಲಾರೆವು.

ಕುದುರೆಯದೇ ಒಂದು ಪ್ರಸಂಗ ಇಮಾಮ್ ನವವಿಯವರ ಮುಸ್ಲಿಮ್ ವ್ಯಾಖ್ಯಾನದಲ್ಲಿದೆ. ಜರೀರ್ ಬಿನ್ ಅಬ್ದುಲ್ಲಾ(ರ) ಅವರ ಸೇವಕ ಮುನ್ನೂರು ದಿರ್ಹಮ್‌ಗೆ ಒಂದು ಕುದುರೆ ಕುದುರಿಸಿ, ಹಣ ಪಡೆಯಲು ಒಡೆಯನನ್ನು ಕರೆತಂದ. ಜರೀರ್ ಕುದುರೆಯನ್ನು ನೋಡಿ, ಇದರ ಬೆಲೆ ಹೆಚ್ಚೆಂದು ತಾವೇ ಏರಿಸುತ್ತಾ ಹೋಗಿ ಎಂಟುನೂರಕ್ಕೆ ಕೊಂಡರು. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವುದಾಗಿ ಅವರು ಪ್ರವಾದಿವರ್ಯರಿಗೆ(ಸ) ಪ್ರತಿಜ್ಞೆ ಮಾಡಿದ್ದರು. ನಮ್ಮ ನಾಡಿನ ಕುದುರೆ ವ್ಯಾಪಾರದ ಕಥೆ ಬೇರೆಯೇ. ವಿಜಯನಗರದ ಸಾಳುವ ನರಸಿಂಹ ಹೊರ್ಮುಜ್, ಏಡನ್‌ಗಳಿಂದ ತರಿಸುತ್ತಿದ್ದ ಕುದುರೆಗಳಲ್ಲಿ ಸಮುದ್ರದಲ್ಲಿ ಸತ್ತವುಗಳ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಅರಸನಿಗೆ ಅದು ಸಾಧ್ಯ. ವರ್ಷವಿಡೀ ಉಳಿಸಿದ ಹಣದಲ್ಲಿ ಒಂದು ಟಗರು ಕೊಳ್ಳುವ ಕುಟುಂಬಕ್ಕೆ ಸಾಧ್ಯವೇ?

ಕೊಳ್ಳುವವರ ಹಕ್ಕನ್ನೂ ಹೇಳಬೇಕು. ನಮ್ಮಲ್ಲಿ ಬಹುಪಾಲು ಜನ ಅನುಸರಿಸುವ ಹನಫಿ ಮದ್‌ಹಬ್‌ನಲ್ಲಿ, ಕಾಣದೆ ಕೊಂಡ ವಸ್ತುವನ್ನು ಕಂಡ ಮೇಲೆ ಹಿಂದಿರುಗಿಸುವ ಹಕ್ಕಿದೆ; ಅದಕ್ಕೆ ಖಿಯಾರುರ್‍ರುಅ್‌ಯಾ ಎನ್ನುತ್ತಾರೆ. ಕಾಣುವ ಮೊದಲೇ “ಒಪ್ಪಿದೆ” ಎಂದಿದ್ದರೂ ಆ ಹಕ್ಕು ಅಳಿಯದು. ‘ಹಿದಾಯಾ’ ಗ್ರಂಥವು ಯಾವುದನ್ನು ನೋಡುವಿಕೆ ಎನ್ನಬೇಕೆಂದೂ ವಿವರಿಸುತ್ತದೆ: ಸವಾರಿಯ ಪ್ರಾಣಿಗೆ ಮುಖ ಮತ್ತು ಹಿಂಭಾಗ ನೋಡಬೇಕು, ಹಾಲಿನ ಕುರಿಗೆ ಕೆಚ್ಚಲು ನೋಡಬೇಕು, ಮಾಂಸದ ಕುರಿಯನ್ನಾದರೆ ಕೈಯಿಂದ ಮುಟ್ಟಿ ನೋಡಲೇಬೇಕು. ಕಣ್ಣಾರೆ ಕಂಡರೂ ಸಾಲದೆಂಬಲ್ಲಿ ಮೊಬೈಲಿನ ಚಿತ್ರ ಸಾಕಾದೀತೆಂದು ನಮಗನಿಸುವುದಿಲ್ಲ. ನಿಮ್ಮೂರಿನ ಉಲಮಾಗಳನ್ನು ಕೇಳಿ ಖಚಿತಪಡಿಸಿಕೊಳ್ಳಿ. ಈ ಹಕ್ಕು ಹಬ್ಬದ ಬೆಳಗ್ಗೆ ಹೆಚ್ಚು ಉಪಯೋಗಕ್ಕೆ ಬಾರದು. ಆದ್ದರಿಂದ ನಾಲ್ಕು ದಿನ ಮೊದಲೇ ಪ್ರಾಣಿಯನ್ನು ಬರಮಾಡಿಕೊಳ್ಳಿ, ಇಲ್ಲವೇ ಶಿಕಾರಿಪುರ, ಸೊರಬದಲ್ಲಿರುವ ನೆಂಟರೊಬ್ಬರನ್ನು ಕಳುಹಿಸಿ ಕೈಯಿಟ್ಟು ನೋಡಿಸಿ. ನಮ್ಮ ಹುಡುಗ ಈಗ ಟಗರನ್ನು ಹುಲ್ಲಿನಿಂದ ಈಚೆಗೆ ತಂದು, ಗುಡಿಸಿದ ಅಂಗಳದಲ್ಲಿ ಅತ್ತಿಂದಿತ್ತ ನಡೆಸಿ, ಎರಡೂ ಕಣ್ಣು ಮತ್ತು ಬಿಡಿಸಿದ ಬಾಯಿಯನ್ನು ತೋರಿಸಿಯೇ ಬೆಲೆ ಹೇಳುತ್ತಾನೆ.