ಮೂರನೇ ದೋಸೆ ಮುಂದಿನ ಭಾನುವಾರಕ್ಕೆ

ಎಂಬತ್ತರ ದಶಕದ ಮೈಸೂರಿನಲ್ಲಿ ನಮ್ಮ ಓರಗೆಯವರಿಗೆ ಜಿಮ್ ಅಷ್ಟಾಗಿ ಗೊತ್ತಿರಲಿಲ್ಲ. ಊರಿಗೊಂದು ಬೆಟ್ಟವಿತ್ತು, ಮೊಹಲ್ಲಾಗಳಲ್ಲಿ ಗರಡಿಗಳಿದ್ದವು, ಲಕ್ಷ್ಮೀಪುರದ ಕಡೆ ಯೋಗ ಹೇಳಿಕೊಡುವವರಿದ್ದರು, ಮನೆಮನೆಯಲ್ಲೂ ಸೈಕಲ್ಲಿತ್ತು. ಮೈ ಗಟ್ಟಿ ಮಾಡಿಕೊಳ್ಳಬೇಕೆನ್ನುವವನು ಇವುಗಳಲ್ಲಿ ಯಾವುದಾದರೂ ಒಂದನ್ನು ಹಿಡಿಯುತ್ತಿದ್ದ. ನಾವು ಹಿಡಿದದ್ದು ಬೆಟ್ಟವನ್ನು. ಭಾನುವಾರ ನಸುಕಿನಲ್ಲಿ ಚಾಮುಂಡಿ ಬೆಟ್ಟದ ಪಾದದಲ್ಲಿ ಸೇರುವುದು, ಮೆಟ್ಟಿಲು ಹತ್ತಿ ತಾಯಿಗೆ ಕೈಮುಗಿಯುವುದು, ಇಳಿದು ಬಂದು ನಜರ್‌ಬಾದಿನ ಮೈಲಾರಿಯಲ್ಲಿ ದೋಸೆ ತಿನ್ನುವುದು. ಈ ಮೂರರಲ್ಲಿ ಯಾವುದು ಹೆಚ್ಚು ಎಂದು ನಮ್ಮಲ್ಲಿ ಯಾರೂ ಕೇಳಿಕೊಂಡವರಲ್ಲ.

ಗುಂಪಿಗೆ ಹಿರಿಯರು ಹೈಸ್ಕೂಲಿನ ಮೇಷ್ಟ್ರೊಬ್ಬರು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಬರಿಗಾಲಲ್ಲೇ ಹತ್ತುತ್ತಿದ್ದರು. ಉಳಿದಂತೆ ಬ್ಯಾಂಕಿನವನೊಬ್ಬ, ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಕೆಲಸಕ್ಕಿದ್ದವನೊಬ್ಬ, ಗರಡಿಯಲ್ಲಿ ಸಾಮು ಮಾಡುತ್ತಿದ್ದ ನಮ್ಮ ಪೈಲ್ವಾನ, ಮತ್ತೆ ನಾನು. ನಮ್ಮ ಮನೆ ಇಟ್ಟಿಗೆಗೂಡಿನಲ್ಲಿ. ಮೃಗಾಲಯದ ಸಿಂಹ ಕತ್ತಲು ಹರಿಯುವ ಮುಂಚೆ ಗರ್ಜಿಸಿದರೆ ಹಾಸಿಗೆಯವರೆಗೂ ಕೇಳಿಸುತ್ತಿತ್ತು. ಅದರ ಹಿಂದೆಯೇ ಬಾಗಿಲಲ್ಲಿ ಸೈಕಲ್ ಬೆಲ್ಲು. ಅಮ್ಮ ಅಷ್ಟು ಹೊತ್ತಿಗೇ ಎದ್ದು, ಮಜ್ಜಿಗೆ ಬೆರೆಸಿದ ರಾಗಿ ಗಂಜಿಯನ್ನು ಲೋಟಕ್ಕೆ ಬಗ್ಗಿಸಿರುತ್ತಿದ್ದಳು. "ಖಾಲಿ ಹೊಟ್ಟೇಲಿ ಬೆಟ್ಟ ಹತ್ತಬೇಡ" ಎನ್ನುವುದು ಅವಳ ಒಂದೇ ಮಾತು.

ಮೆಟ್ಟಿಲುಗಳು ಸಾವಿರಕ್ಕೂ ಮೇಲೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು. ಏಳುನೂರರ ಸುಮಾರಿಗೆ ಕೂತಿರುವ ದೊಡ್ಡ ನಂದಿಯೂ ಅವರ ಕಾಲದ್ದೇ. ಹೊಸಬರನ್ನು ಸೋಲಿಸುವುದು ಶುರುವಿನ ಮೆಟ್ಟಿಲುಗಳು. ಅಲ್ಲಿ ಏರು ಕಡಿದು, ಮೆಟ್ಟಿಲೂ ಒಂದು ಎತ್ತರ, ಒಂದು ತಗ್ಗು. ಉಸಿರು ಹತ್ತಿದವನು ನಾಚಿಕೆಗೆ ನಿಲ್ಲದೆ ಓಡಲು ನೋಡಿದರೆ ಮೇಷ್ಟ್ರು ಹಿಂದಿನಿಂದ ಕೂಗುತ್ತಿದ್ದರು: "ಮಾತಾಡ್ತಾ ಹತ್ರೋ. ಮಾತು ಬರ್ತಿಲ್ಲ ಅಂದ್ರೆ ಜೋರಾಯ್ತು. ಹಾಡು ಹೇಳೋಕೆ ಆಗ್ತಿದೆ ಅಂದ್ರೆ ಸಾಲದು." ಇವತ್ತು ಹೃದ್ರೋಗ ತಜ್ಞರೂ ನಡಿಗೆಗೆ ಇದೇ ಅಳತೆ ಹೇಳುತ್ತಾರೆ. ಮೇಷ್ಟ್ರು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಮಾತಿಲ್ಲದ ನಡಿಗೆ ಅವರಿಗೆ ಹಿಡಿಸುತ್ತಿರಲಿಲ್ಲ, ಅಷ್ಟೇ. ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು: ಪಿ.ಯು.ಸಿ. ಫಲಿತಾಂಶ, ಕಬಿನಿಗೆ ಬಂದ ನೀರು, ಬ್ಯಾಂಕಿನವನಿಗೆ ನೋಡಿದ ಹುಡುಗಿ.

ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹರಕೆ ತೀರಿಸುವ ಹೆಂಗಸರು ಯಾವಾಗಲೂ ಸಿಗುತ್ತಿದ್ದರು. ಬಗ್ಗಿ ಅರಿಶಿನ, ಅದರ ಮೇಲೆ ಕುಂಕುಮ, ಸೊಂಟಕ್ಕೆ ಕೈಕೊಟ್ಟು ಎದ್ದು ಒಂದು ಹೆಜ್ಜೆ, ಮತ್ತೆ ಬಗ್ಗುವುದು. ಒಂದು ದಿನ ನಮ್ಮ ಪೈಲ್ವಾನ ಒಬ್ಬ ಅಜ್ಜಿಯ ಬಟ್ಟಲು ಹಿಡಿದುಕೊಂಡು ಜೊತೆಗೆ ಬಗ್ಗುತ್ತಾ ಹೋದ. ನಂದಿಯ ಹತ್ತಿರ ನಮ್ಮನ್ನು ಸೇರಿಕೊಂಡಾಗ ಅವನ ಬನಿಯನ್ನು ತೊಯ್ದು ತೊಪ್ಪೆಯಾಗಿತ್ತು. "ಉಸ್ತಾದರು ಹೊಡೆಸೋ ಬಸ್ಕಿ ಇದರ ಮುಂದೆ ಏನೂ ಅಲ್ಲ ಕಣ್ರೋ" ಎಂದ. ಅಜ್ಜಿ ಮಾತ್ರ ಹಾಗೇ ಮೇಲೆ ಸಾಗಿತ್ತು. ಆ ಕಾಲುಗಳಿಗೆ ಬಲ ಕೊಟ್ಟದ್ದು ಗದ್ದೆ ನಾಟಿಯೋ, ಒರಳು ತಿರುವಿದ್ದೋ, ಭಕ್ತಿಯೋ, ಮೂರೂ ಇದ್ದಿರಬೇಕು.

ನಂದಿಯ ಬಳಿ ಕೂತು ದಣಿವಾರಿಸಿಕೊಳ್ಳುವುದು ಕಡ್ಡಾಯ. ಸೌತೆಕಾಯಿಯನ್ನು ನಾಲ್ಕು ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಿದ್ದರು. ಕೆಳಗೆ ರೇಸ್ ಕೋರ್ಸಿನ ಹಸಿರು, ಕಾರಂಜಿ ಕೆರೆ, ಲಲಿತಮಹಲಿನ ಬಿಳಿ ಗುಮ್ಮಟ. ಅಲ್ಲಿಂದ ಮೇಲಕ್ಕೆ ಏರು ಸಲೀಸು.

ಇಳಿಯುವಾಗ ಎಲ್ಲರ ಮನಸ್ಸೂ ಮೈಲಾರಿಯಲ್ಲಿ. ಪುಟ್ಟ ಹೋಟೆಲು, ಒಳಗೆ ಜಾಗ ಕಡಿಮೆ, ತಿನ್ನುತ್ತಿರುವವರ ಬೆನ್ನ ಹಿಂದೆಯೇ ನಿಂತು ಕಾಯಬೇಕು. ಒಳಗಿನಿಂದ ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ ಚುಂಯ್ ಸದ್ದು, ಅದರ ಹಿಂದೆ ಹಿಟ್ಟು ಬೇಯುವ ವಾಸನೆ. ಮೈಲಾರಿಯ ದೋಸೆ ಗರಿಗರಿಯಲ್ಲ, ಮೆತ್ತಗಿನದು. ಒಳಗೆ ಆಲೂಗಡ್ಡೆ ಪಲ್ಯದ ಬದಲು ಒಂದಿಷ್ಟು ಸಾಗು, ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಬಾಳೆಲೆಯ ಮೇಲೆ ಬಿದ್ದ ದೋಸೆಯ ಬಿಸಿಗೆ ಬೆಣ್ಣೆ ಅಂಚಿನವರೆಗೆ ಹರಿದು, ಎಲೆಯ ಹಸಿರು ಇನ್ನಷ್ಟು ಗಾಢವಾಗುತ್ತಿತ್ತು. ಮೊದಲನೆಯದನ್ನು ಯಾರೂ ಮಾತಾಡದೆ ತಿನ್ನುತ್ತಿದ್ದೆವು. ಎರಡನೆಯದಕ್ಕೆ ಬ್ಯಾಂಕಿನವನ ಮದುವೆಯ ವಿಷಯ ಮತ್ತೆ ಶುರುವಾಗುತ್ತಿತ್ತು. ಅವನು ಮೂರನೆಯದಕ್ಕೆ ಕೈ ಎತ್ತಿದಾಗೆಲ್ಲ ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು, "ಮೂರನೇದು ಮುಂದಿನ ಭಾನುವಾರದ್ದು ಕಣಯ್ಯಾ" ಎನ್ನುತ್ತಿದ್ದರು. ಅದರಲ್ಲಿ ಗದರಿಕೆ ಇರಲಿಲ್ಲ. ಮುಂದಿನ ಭಾನುವಾರ ಬರುತ್ತದೆ, ನಾವೆಲ್ಲ ಇರುತ್ತೇವೆ, ದೋಸೆಯೂ ಇರುತ್ತದೆ ಎಂಬ ನಂಬಿಕೆ ಇತ್ತು. ಆ ನಂಬಿಕೆ ಇದ್ದವನಿಗೆ ಇವತ್ತೇ ಎಲ್ಲವನ್ನೂ ತಿಂದು ಮುಗಿಸುವ ಆತುರ ಬರುವುದಿಲ್ಲ.

ಪೈಲ್ವಾನನ ಊಟದ ಕ್ರಮವೇ ಬೇರೆ. ಗರಡಿಯಲ್ಲಿ ಹನುಮಂತನ ಪಟಕ್ಕೆ ಕೈಮುಗಿದು ಮಟ್ಟಿಗೆ ಇಳಿಯಬೇಕು. ಎಣ್ಣೆ, ಅರಿಶಿನ, ನಿಂಬೆರಸ ಬೆರೆಸಿ ಹದಮಾಡಿದ ಕೆಂಪು ಮಣ್ಣು, ಹತ್ತಿರ ಹೋದರೇ ಘಮ್ಮೆನ್ನುತ್ತಿತ್ತು. ಅವನಿಗೆ ಬಾದಾಮಿ ಅರೆದ ಹಾಲು, ತುಪ್ಪ, ಮುದ್ದೆ, ಕಾಲು ಸೂಪು. ದೊಡ್ಡಕೆರೆ ಮೈದಾನದ ದಸರಾ ಕುಸ್ತಿಗೆ ಜೋಡಿ ಕಟ್ಟಿದ್ದಾರೆಂದರೆ ಅದಕ್ಕೆ ಮುಂಚಿನ ವಾರಗಳಲ್ಲಿ ಅವನು ಬೆಟ್ಟಕ್ಕೆ ಬರುತ್ತಿದ್ದ, ಮೈಲಾರಿಗೆ ಬರುತ್ತಿರಲಿಲ್ಲ. ನಾವೂ ಒತ್ತಾಯ ಮಾಡುತ್ತಿರಲಿಲ್ಲ. ಕುಸ್ತಿ ಮುಗಿದ ಸಂಜೆ, ಗೆದ್ದಿರಲಿ ಸೋತಿರಲಿ, ಉಸ್ತಾದರೇ ಸಯ್ಯಾಜಿರಾವ್ ರಸ್ತೆಯಿಂದ ಮೈಸೂರು ಪಾಕು ತರಿಸಿ ಹುಡುಗರ ಬಾಯಿಗೆ ಹಾಕುತ್ತಿದ್ದರು. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆಂದು ಮೊದಲು ಮಾಡಿದ್ದು ಎಂದು ಊರೇ ನಂಬಿರುವ ಸಿಹಿ ಅದು. ಕಟ್ಟುನಿಟ್ಟಿಗೆ ಒಂದು ಕೊನೆಯ ದಿನವಿತ್ತು, ಆ ದಿನ ಬಂದಾಗ ಸಿಹಿಯನ್ನು ಅಳುಕಿಲ್ಲದೆ ತಿನ್ನಬಹುದಿತ್ತು. ಇವತ್ತಿನ ಪಥ್ಯದವರಿಗೆ ಈ ಕೊನೆಯ ದಿನವನ್ನು ಯಾರೂ ಹೇಳುವುದಿಲ್ಲವಲ್ಲ ಎಂದು ನನಗೆ ನಿಜವಾಗಿ ಬೇಸರ.

ಸಿ.ಎಫ್.ಟಿ.ಆರ್.ಐ. ಗೆಳೆಯನಿಗೆ ತಿನ್ನುವ ಪದಾರ್ಥಗಳ ಲೆಕ್ಕ ಬಾಯಿಪಾಠ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಆ ಸಂಸ್ಥೆ ಮೈಸೂರಿನ ಹೆಮ್ಮೆ, ಅವನಿಗಂತೂ ದೇವಸ್ಥಾನ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೇಲೆ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿಗಿಂತ ಎಷ್ಟೋ ಪಾಲು ಹೆಚ್ಚು ಎಂದು ಒಮ್ಮೆ ನಮ್ಮಮ್ಮನಿಗೆ ವಿವರಿಸಿದ. ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ರಾಗಿ ತಳಿಗಳನ್ನು ರೂಪಿಸಿದ ರಾಗಿ ಲಕ್ಷ್ಮಣಯ್ಯನವರ ಕಥೆಯನ್ನೂ ಹೇಳಿದ. ಅಮ್ಮ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಒಳ್ಳೇದಾಯ್ತಪ್ಪ, ಇನ್ನೊಂದು ಮುದ್ದೆ ಹಾಕ್ಲಾ?" ಎಂದಳು. ಅದು ಹಿತಕಿದ ಅವರೆಬೇಳೆ ಸಾರಿನ ಕಾಲ. ಅವನು ಬೇಡವೆನ್ನಲಿಲ್ಲ.

ಈಗ ಹಿಂತಿರುಗಿ ನೋಡಿದರೆ ನಮ್ಮ ತಿನ್ನುವ ಆಸೆಯನ್ನು ಹದದಲ್ಲಿಟ್ಟದ್ದು ನಮ್ಮ ಮನೋಬಲ ಎಂದು ನನಗನ್ನಿಸುವುದಿಲ್ಲ. ಅದನ್ನು ಮಾಡಿದ್ದು ಪಂಚಾಂಗ. ಹೋಳಿಗೆ ಯುಗಾದಿಗೆ, ಕಡುಬು ಗಣೇಶನಿಗೆ, ಎಳ್ಳುಬೆಲ್ಲ ಸಂಕ್ರಾಂತಿಗೆ. ಧನುರ್ಮಾಸದಲ್ಲಿ ನಡುಗುತ್ತಾ ಎದ್ದವರಿಗೆ ಮಾತ್ರ ಬಿಸಿ ಹುಗ್ಗಿ. ನಡುವೆ ಏಕಾದಶಿ, ಶಿವರಾತ್ರಿಯ ಉಪವಾಸ. ಅವರೆ ಬರುವುದೇ ಚಳಿಗೆ, ಮಾವು ಬೇಸಗೆಗೆ. ಕಾದು ತಿಂದದ್ದರ ರುಚಿಯೂ ಹೆಚ್ಚು, ಅಳತೆಯೂ ತಾನಾಗಿ ಆಗುತ್ತಿತ್ತು. ಈಗ ಹೋಳಿಗೆಮನೆಗಳು ಬೀದಿಗೊಂದಿವೆ, ದಿನಾ ಬಿಸಿಬಿಸಿ ಸಿಗುತ್ತದೆ. ಹಬ್ಬವೇ ದಿನಾ ಬಂದರೆ ಮೈ ತಡೆಯುವುದು ಹೇಗೆ?

ಆದರೂ ಆ ಕಾಲದಲ್ಲಿ ಎಲ್ಲವೂ ಸರಿಯಿತ್ತು ಎಂದು ನಾನು ಬರೆಯಲಾರೆ. ನಮ್ಮ ಗುಂಪಿನಲ್ಲಿ ಹೆಂಗಸರಿರಲಿಲ್ಲ. ನಾವು ಬೆಟ್ಟ ಹತ್ತುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಅಮ್ಮಂದಿರು ನೀರೊಲೆ ಊದುತ್ತಿದ್ದರು, ಒರಳಲ್ಲಿ ಹಿಟ್ಟು ರುಬ್ಬುತ್ತಿದ್ದರು. ಅವರ ಮೈಗೆ ದುಡಿತ ಸಿಕ್ಕಿತು, ನಮಗೆ ಸಿಕ್ಕ ಗಾಳಿ, ಹರಟೆ, ಇನ್ನೊಬ್ಬರು ಹುಯ್ದು ಕೊಟ್ಟ ದೋಸೆ ಸಿಗಲಿಲ್ಲ. ಅಮ್ಮ ಬೆಟ್ಟಕ್ಕೆ ಬಂದದ್ದು ಆಷಾಢ ಶುಕ್ರವಾರಗಳಲ್ಲಿ, ಜನಜಂಗುಳಿಯ ನಡುವೆ. ಈಗ ಭಾನುವಾರ ಬೆಳಿಗ್ಗೆ ಅದೇ ಮೆಟ್ಟಿಲುಗಳಲ್ಲಿ ಬೂಟು ಹಾಕಿದ ಹುಡುಗಿಯರು, ನಡುವಯಸ್ಸಿನ ಗೆಳತಿಯರು ಗುಂಪುಗುಂಪಾಗಿ ನಗುತ್ತಾ ಹತ್ತುವುದನ್ನು ಕಂಡರೆ ಮನಸ್ಸು ತುಂಬುತ್ತದೆ. ಹಳೆಯದಕ್ಕಿಂತ ಹೊಸದು ಚೆನ್ನಾಗಿರುವ ಕಡೆ ಹಾಗೆಂದು ಹೇಳಲೇಬೇಕು.

ಮೇಷ್ಟ್ರು ಈಗಿಲ್ಲ. ಬ್ಯಾಂಕಿನವನಿಗೆ ಸಕ್ಕರೆ ಕಾಯಿಲೆ, ಪೈಲ್ವಾನನಿಗೆ ಮಂಡಿನೋವು. ವೈದ್ಯರು ಹೇಳಿದ್ದನ್ನು ಇಬ್ಬರೂ ಪಾಲಿಸುತ್ತಾರೆ, ಪಾಲಿಸಬೇಕು ಕೂಡ. ಮಗ ಕೊಡಿಸಿದ ಗಡಿಯಾರ ಬ್ಯಾಂಕಿನವನ ಹೆಜ್ಜೆಗಳನ್ನು ಎಣಿಸುತ್ತದೆ. ಎಣಿಸಲಿ, ಅದರಿಂದ ಉಪಕಾರವೇ ಆಗಿದೆ. ಆದರೆ ಅವನು ಬೆಳಿಗ್ಗೆ ಎದ್ದು ಕಾರಂಜಿ ಕೆರೆ ಕಡೆ ಹೊರಡುವುದು ಗಡಿಯಾರದ ಮಾತಿಗಲ್ಲ, ಪೈಲ್ವಾನ ಗೇಟಿನಲ್ಲಿ ನಿಂತು "ಏಳೋ" ಎಂದು ಕೂಗುತ್ತಾನೆಂದು. ಕೆರೆ ಸುತ್ತಿದ ಮೇಲೆ ನಾವು ಒಂದೇ ದೋಸೆ ತರಿಸಿ ಪಾಲು ಮಾಡಿಕೊಳ್ಳುತ್ತೇವೆ. ಬ್ಯಾಂಕಿನವನದು ಸಾಗು ಇರುವ ಕಡೆ, ಬೆಣ್ಣೆಯ ಕಡೆ ಪೈಲ್ವಾನನದು. ಅರ್ಧ ದೋಸೆಗೆ ರುಚಿ ಅರ್ಧವೇನೂ ಆಗಿಲ್ಲ.

ಹೊಸ ವರ್ಷಕ್ಕೆ ತೂಕ ಇಳಿಸುವ ಸಂಕಲ್ಪ ಮಾಡಿ, ಯುಗಾದಿಯೊಳಗೆ ಬಿಟ್ಟು, ಮನಸ್ಸಿಗೆ ಬೇಜಾರು ಮಾಡಿಕೊಂಡಿರುವ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಲ್ಲೂ ಒಂದು ಗುಡ್ಡವೋ ಕೆರೆ ಏರಿಯೋ ಇದ್ದೇ ಇರುತ್ತದೆ. ಮಾತು ಬಿಟ್ಟುಹೋಗಿರುವ ಹಳೆಯ ಗೆಳೆಯನಿಗೆ, ಗೆಳತಿಗೆ ಇವತ್ತೇ ಫೋನ್ ಮಾಡಿ, ಬರುವ ಭಾನುವಾರ ಎಷ್ಟು ಹೊತ್ತಿಗೆ, ಎಲ್ಲಿ ಎಂದು ಗೊತ್ತು ಮಾಡಿಕೊಳ್ಳಿ. ಆಮೇಲೆ ತಿಂಡಿ ಎಲ್ಲಿ ಎನ್ನುವುದನ್ನೂ ಅದೇ ಫೋನಿನಲ್ಲಿ ತೀರ್ಮಾನಿಸಿ.